ಸ್ನಾನದ ಟೊಪ್ಪಿಯಲ್ಲಿ ಬಂಗುಡೆ

ಊಟಕ್ಕೆ ಹೋದಲ್ಲಿಂದ ಏನಾದರೂ ಕಟ್ಟಿಕೊಂಡು ಬರುವುದು ನಮ್ಮ ಕಡೆಯ ಹೆಂಗಸರಿಗೆ ನಾಚಿಕೆಯ ವಿಷಯವೇ ಅಲ್ಲ. ಮದುವೆಗೆ ಹೋದರೆ ಮನೆಯಲ್ಲಿ ಉಳಿದ ಅಜ್ಜಿಗೆಂದು ಎರಡು ಲಾಡು, ಸೀಮಂತಕ್ಕೆ ಹೋದರೆ ಪಕ್ಕದ ಮನೆಯ ಮಗುವಿಗೆಂದು ಒಂದು ಹೋಳಿಗೆ, ಏನೂ ಸಿಗದಿದ್ದರೆ ಎಲೆಯ ಮೂಲೆಯಲ್ಲಿ ಉಳಿದ ಹಪ್ಪಳವನ್ನಾದರೂ ಸೆರಗಿನಲ್ಲಿ ಕಟ್ಟಿಕೊಂಡು ಏಳುತ್ತೇವೆ. ಬಡಿಸುವವರು ಕೂಡ "ಮನೆಯಲ್ಲಿ ಯಾರುಂಟು?" ಎಂದು ಕೇಳಿ ಇನ್ನೊಂದು ಹೆಚ್ಚು ಹಾಕುತ್ತಾರೆಯೇ ಹೊರತು ಕಳ್ಳಿ ಎಂದು ಯಾರೂ ಹೇಳುವುದಿಲ್ಲ. ಆದರೆ ಇದೇ ಕೆಲಸವನ್ನು ಹಡಗಿನಲ್ಲಿ ಮಾಡಿದರೆ ಎಷ್ಟು ಜನ ಸೇರುತ್ತಾರೆ ಎಂದು ನನಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ಹುರಿದ ಬಂಗುಡೆ ಮೀನು, ನಾಲ್ಕು ಹಿಡಿ ಅನ್ನ, ಒಂದು ಬಾಳೆಹಣ್ಣು, ಒಂದು ಜಿಲೇಬಿ, ಇಷ್ಟನ್ನು ನಾನು ಹಡಗಿನಲ್ಲಿ ಎಲ್ಲರೂ ಊಟ ಮಾಡುವ ದೊಡ್ಡ ಹಾಲಿನಿಂದ, ಸ್ನಾನ ಮಾಡುವಾಗ ತಲೆಗೆ ಹಾಕುವ ಪ್ಲಾಸ್ಟಿಕ್ ಟೊಪ್ಪಿಯಲ್ಲಿ ತುಂಬಿಸಿ, ಸೆರಗಿನ ಅಡಿಯಲ್ಲಿ ಇಟ್ಟುಕೊಂಡು ಕೋಣೆಗೆ ತಂದೆ. ನನಗೆ ತಿನ್ನಲಿಕ್ಕೆ ಅಲ್ಲ. ತೀರಿಹೋಗಿ ಆರು ವರ್ಷವಾದ ನನ್ನ ಗಂಡನಿಗೆ.

ನಾನು ಉಚ್ಚಿಲದವಳು. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಮೊದಲು ಕಾಪುವಿನಲ್ಲಿ ಮನೆ ಮನೆಗೆ, ಆಮೇಲೆ ಬಸ್ಸು ಹತ್ತಿ ಕಾರ್ಕಳದ ಮಾರ್ಕೆಟ್ಟಿಗೆ. ಬಸ್ಸಿನಲ್ಲಿ ನನಗೆ ಯಾವಾಗಲೂ ಹಿಂದಿನ ಬಾಗಿಲು. ಮೀನಿನ ನೀರು ಯಾರದೋ ಬಿಳಿ ಪ್ಯಾಂಟಿಗೆ ಬಿದ್ದರೆ ಕಂಡಕ್ಟರ್ ನನಗೇ ಬೈಯುತ್ತಿದ್ದ. ಅಂಥ ನನ್ನನ್ನು ಹಡಗಿಗೆ ಹತ್ತಿಸುವಾಗ ಒಬ್ಬಳು ಬಗ್ಗಿ ಕೈಮುಗಿದು, ಬಣ್ಣದ ಶರಬತ್ತು ಕೊಟ್ಟಳು. ಇದೆಲ್ಲ ಅಳಿಯ ಸುಧೀರನ ದೆಸೆಯಿಂದ. ಅವನಿಗೆ ಕಾರ್ಕಳದಲ್ಲಿ ಟೈಲ್ಸ್ ಮತ್ತು ಕಕ್ಕಸಿನ ಸಾಮಾನಿನ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಕಂಪನಿಯವರು ಮುಂಬಯಿಯಿಂದ ಕೊಚ್ಚಿಗೆ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಾರೆ ಎಂದು ತಿಳಿಯಿತು. ನಲವತ್ತು ವರ್ಷ ಊರಿಗೆಲ್ಲ ತಿನ್ನಲಿಕ್ಕೆ ಕೊಟ್ಟ ನನ್ನನ್ನು ಯಾರೂ ಮಲ್ಪೆಯವರೆಗೆ ಕೂಡ ಕರೆದುಕೊಂಡು ಹೋಗಲಿಲ್ಲ. ತಿಂದದ್ದನ್ನು ಬಿಡುವ ಜಾಗ ಮಾರಿದವನಿಗೆ ಹಡಗು. ಇರಲಿ. ಅವನಿಗೆ ನಾಲ್ಕು ಟಿಕೆಟು ಸಿಕ್ಕಿತು. ಮೊಮ್ಮಕ್ಕಳಿಬ್ಬರಿಗೂ ಪರೀಕ್ಷೆ ಬಂದದ್ದರಿಂದ ಎರಡು ಟಿಕೆಟು ಉಳಿಯಿತು. ಹಾಳಾಗುವುದು ಬೇಡ ಎಂದು ಎರಡು ಮುದುಕಿಯರನ್ನು ತುಂಬಿಸಿದರು, ಹುಡುಗಿಯ ಅಮ್ಮ ನಾನು, ಹುಡುಗನ ಅಮ್ಮ ಲೀಲಾ ಟೀಚರು. ಮಗಳು ಅಳಿಯನಿಗೆ ಒಂದು ಕೋಣೆ, ನಮಗಿಬ್ಬರಿಗೆ ಒಂದು ಕೋಣೆ.

ಲೀಲಾ ಟೀಚರಿಗೆ ನಿವೃತ್ತಿಯಾಗಿ ಹತ್ತು ವರ್ಷವಾಯಿತು. ಆದರೂ ಎದುರಿಗೆ ಇಬ್ಬರು ಕೂತರೆ ಅವರು ಅದನ್ನು ತರಗತಿ ಎಂದೇ ತಿಳಿಯುತ್ತಾರೆ. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಆದರೆ ಅವರ ಪಕ್ಕ ಕೂತರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮುಂಬಯಿಗೆ ಹೋಗುವ ರೈಲಿನಲ್ಲಿಯೇ ಪಾಠ ಶುರುವಾಗಿತ್ತು. "ಜಲಜಕ್ಕ, ಅಲ್ಲಿ ದೊಡ್ಡ ದೊಡ್ಡ ಜನ ಬರ್ತಾರೆ. ಕಂಪನಿಯ ಮ್ಯಾನೇಜರು, ಅವರ ಹೆಂಡತಿ ಎಲ್ಲ ಇರ್ತಾರೆ. ಊಟ ಚಮಚದಲ್ಲಿ ಮಾಡಿ ಆಯ್ತಾ? ಸುಧೀರನ ಮರ್ಯಾದೆ ನಮ್ಮ ಕೈಯಲ್ಲುಂಟು" ಎಂದರು. "ಮರ್ಯಾದೆ ಕೈಯಲ್ಲಿದ್ದರೆ ಊಟವೂ ಕೈಯಲ್ಲೇ ಆಗಲಿ ಟೀಚರೇ" ಎಂದೆ. ಅವರು ಕಿಟಕಿಯ ಹೊರಗೆ ನೋಡಿದರು.

ಈಗ ಗಂಡನ ವಿಷಯ ಹೇಳಬೇಕು. ನಮ್ಮಲ್ಲಿ ತೀರಿಹೋದವರಿಗೆ ವರ್ಷಕ್ಕೊಮ್ಮೆ ಬಡಿಸುವ ಕ್ರಮ ಉಂಟು. ಭಟ್ಟರು, ಮಂತ್ರ ಏನೂ ಬೇಡ. ಅವರು ತೀರಿಹೋದ ತಿಥಿಯ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಮಧ್ಯಾಹ್ನ ಒಳಕೋಣೆಯಲ್ಲಿ ಬಾಳೆಎಲೆ ಹಾಸಿ ಬಡಿಸಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಬಾಗಿಲು ಮುಚ್ಚಿ ಹೊರಗೆ ಬಂದು ಕೂರುವುದು. ಅವರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಹೋಗಬಾರದು, ಇಣುಕಬಾರದು, ಗಲಾಟೆ ಮಾಡಬಾರದು. ಆಮೇಲೆ ಬಾಗಿಲಿಗೆ ಮೂರು ಸಲ ತಟ್ಟಿ, ಒಂದು ಸಲ ಕೆಮ್ಮಿ ತೆರೆಯುವುದು. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಇರುತ್ತದೆ, ಆದರೂ ಅವರು ಉಂಡರು ಎಂದೇ ನಮ್ಮ ನಂಬಿಕೆ. ಅದೇ ಎಲೆಯದ್ದನ್ನು ಆಮೇಲೆ ಮನೆಯವರು ಹಂಚಿಕೊಂಡು ತಿನ್ನುತ್ತೇವೆ. ಅಲ್ಲಿಯವರೆಗೆ ಬಡಿಸುವವಳು ಉಪವಾಸ. ಐದು ವರ್ಷ ನಾನು ಇದನ್ನು ತಪ್ಪಿಸಿಲ್ಲ. ಈ ವರ್ಷದ ತಿಥಿ ಸರಿಯಾಗಿ ಹಡಗಿನ ಎರಡನೆಯ ದಿನಕ್ಕೆ ಬಂದು ಕೂತಿತು.

"ಮನೆಗೆ ಬಂದ ಮೇಲೆ ಬಡಿಸಿದರಾಯ್ತಲ್ಲ ಅಮ್ಮ" ಎಂದಳು ಮಗಳು ಶೋಭಾ. ಹಸಿದು ಬಂದವರನ್ನು ಮುಂದಿನ ವಾರ ಬನ್ನಿ ಎಂದು ಕಳಿಸಲಿಕ್ಕೆ ಇದೇನು ತಾಲೂಕು ಆಫೀಸಾ? ನನ್ನ ಗಂಡ ಬದುಕಿದ್ದಾಗ ರಾತ್ರಿ ಒಂದು ಗಳಿಗೆ ಊಟ ತಡವಾದರೆ ಪಾತ್ರೆಗಳ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಇಡೀ ಕೇರಿಗೆ ಕೇಳಿಸುತ್ತಿದ್ದರು. ಸತ್ತವರ ತಾಳ್ಮೆ ಹೆಚ್ಚುತ್ತದೆ ಎಂದು ನನಗೇನೂ ಅನ್ನಿಸುವುದಿಲ್ಲ. ಮಗಳ ಹತ್ತಿರ "ಆಯ್ತು" ಎಂದು ಹೇಳಿ, ಎರಡು ಕುಡಿ ಬಾಳೆಎಲೆಯನ್ನು ಸುರುಳಿ ಸುತ್ತಿ ಸೀರೆಗಳ ನಡುವೆ ಇಟ್ಟೆ. ಒಂದು ಡಬ್ಬಿಯಲ್ಲಿ ಒಣ ಸಿಗಡಿ ಚಟ್ನಿ, ಇನ್ನೊಂದರಲ್ಲಿ ಕುಚ್ಚಲಕ್ಕಿ ಅನ್ನದ ಜೊತೆಗೆ ಅವರಿಗೆ ಪ್ರಾಣವಾಗಿದ್ದ ಹುರಿದ ಒಣ ಮೀನು. ಮುಂಬಯಿಯ ಬಂದರಿನಲ್ಲಿ ನಮ್ಮ ಚೀಲಗಳನ್ನೆಲ್ಲ ಒಂದು ಯಂತ್ರದೊಳಗೆ ತೂರಿಸಿದರು. ಆಚೆ ಬದಿಯಲ್ಲಿ ಕೂತವನು ನನ್ನ ಡಬ್ಬಿ ತೆರೆದ. ತೆರೆದವನು ಒಂದು ಹೆಜ್ಜೆ ಹಿಂದೆ ಹೋದ. ಎರಡು ಡಬ್ಬಿಯೂ ಅಲ್ಲಿಯೇ ಉಳಿಯಿತು. ಎಲೆಯನ್ನು ಮಾತ್ರ ಬಿಡಿಸಿ, ಮೂಸಿ, ಬೆಳಕಿಗೆ ಹಿಡಿದು, ಏನೂ ಅರ್ಥವಾಗದೆ ವಾಪಸು ಕೊಟ್ಟ. ಈಗ ನನ್ನ ಹತ್ತಿರ ಎಲೆ ಉಂಟು, ಬಡಿಸಲಿಕ್ಕೆ ಒಂದು ಅಗುಳೂ ಇಲ್ಲ.

ಹಡಗಿನ ಊಟದ ಹಾಲು ನೋಡಿದ ಮೇಲೆ ಆ ಚಿಂತೆ ಹೋಯಿತು. ನಮ್ಮ ಮದುವೆ ಹಾಲುಗಳನ್ನು ನಾಲ್ಕು ಸೇರಿಸಿದಷ್ಟು ದೊಡ್ಡದು. ಯಾರೂ ಬಡಿಸುವುದಿಲ್ಲ, ಯಾರೂ ಕೇಳುವುದಿಲ್ಲ, ಬೇಕಾದಷ್ಟು ಹಾಕಿಕೊಂಡು ತಿನ್ನುವುದು. ಮೊದಲ ದಿನ ರಾತ್ರಿ ನಾನು ಸುತ್ತು ಹಾಕಿ ಎಲ್ಲ ಮುಚ್ಚಳ ತೆಗೆದು ನೋಡಿದೆ. ಒಂದು ಕಡೆ ಬಿಳಿ ಗಂಜಿಯ ಹಾಗಿನ ಸಾರಿನಲ್ಲಿ ಮೀನು ಮುಳುಗಿತ್ತು. ತಲೆ ಇಲ್ಲ, ಬಾಲ ಇಲ್ಲ, ಮುಳ್ಳು ಇಲ್ಲ, ಚರ್ಮ ಇಲ್ಲ. ಉದ್ದ ಟೊಪ್ಪಿಯ ಅಡುಗೆಯವನ ಹತ್ತಿರ ಯಾವ ಮೀನು ಎಂದು ಕೇಳಿದರೆ "ಫಿಶ್" ಎಂದ. ಅಷ್ಟು ನನಗೂ ಗೊತ್ತುಂಟು. ಆದರೆ ಕೊನೆಯ ಮೇಜಿನಲ್ಲಿ ನಮ್ಮ ಕರಾವಳಿಯ ಅಡುಗೆ ಎಂದು ಇಟ್ಟಿದ್ದರು. ಅಲ್ಲಿ ಇಡೀ ಇಡೀ ಬಂಗುಡೆ, ಕೆಂಪು ಮಸಾಲೆ ಹಚ್ಚಿ ಹುರಿದದ್ದು! ಮೀನಿನ ಕಣ್ಣು ಮಂಜಾಗಿತ್ತು, ಐಸಿನಲ್ಲಿ ನಾಲ್ಕು ದಿನವಾದರೂ ಕಳೆದ ಮೀನು. ಮಾರ್ಕೆಟ್ಟಿನಲ್ಲಿ ಇಟ್ಟಿದ್ದರೆ ನಾನೇ "ಬೆಕ್ಕಿಗೆ ಹಾಕು" ಎನ್ನುತ್ತಿದ್ದೆ. ಆದರೂ ಬಂಗುಡೆ ಬಂಗುಡೆಯೇ. ನಾನು ಎರಡು ಹಾಕಿಕೊಂಡು ಕೈಯಲ್ಲಿ ತಿಂದೆ. ಟೀಚರು ಮ್ಯಾನೇಜರ ಹೆಂಡತಿಯ ಮೇಜಿನಲ್ಲಿ ಕೂತು ಕಲ್ಲಂಗಡಿ ಹಣ್ಣನ್ನು ಮುಳ್ಳಿನ ಚಮಚದಿಂದ ಚುಚ್ಚಿ ಚುಚ್ಚಿ ತಿಂದರು. ಮಾರನೆಯ ಬೆಳಿಗ್ಗೆಯೂ ಕಲ್ಲಂಗಡಿ. ಶುಗರಿಗೆ ಏನೋ ಪಥ್ಯ ಮಾಡುತ್ತಿದ್ದಾರೆ ಎಂದುಕೊಂಡೆ.

ಎರಡನೆಯ ದಿನ ಬೆಳಿಗ್ಗೆ, "ಇಲ್ಲಿಂದ ಸ್ವಲ್ಪ ಊಟ ಕೋಣೆಗೆ ತೆಗೆದುಕೊಂಡು ಹೋಗಬಹುದಾ ಟೀಚರೇ?" ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಅವರು ಚಮಚ ಕೆಳಗಿಟ್ಟರು. "ಛೆ ಛೆ! ಹಾಗೆಲ್ಲ ಮಾಡಲಿಕ್ಕಿಲ್ಲ ಜಲಜಕ್ಕ. ನಿಯಮ ಉಂಟು. ಯಾರಾದರೂ ನೋಡಿದರೆ ಎಂತ ಹೇಳಿಯಾರು?" ನಿಯಮ ಎಲ್ಲಿ ಬರೆದದ್ದು ಎಂದು ನಾನು ಕೇಳಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಗೋಡೆಯ ಮೇಲಿದ್ದದ್ದೆಲ್ಲ ಇಂಗ್ಲಿಷು. ಉಂಟೆಂದು ಟೀಚರು ಹೇಳಿದರೆ ಉಂಟು. ಹಾಗಾದರೆ ಕದಿಯುವುದೇ ಸರಿ ಎಂದು ತೀರ್ಮಾನ ಮಾಡಿದೆ. ತರುವುದು ಯಾವುದರಲ್ಲಿ? ನಮ್ಮ ಕೋಣೆಯ ಬಚ್ಚಲಿನಲ್ಲಿ ಸಣ್ಣ ಸಣ್ಣ ಪೆಟ್ಟಿಗೆಯಲ್ಲಿ ಸೋಪು, ಬಾಚಣಿಗೆ, ಎರಡು ಪ್ಲಾಸ್ಟಿಕ್ ಟೊಪ್ಪಿ ಇಟ್ಟಿದ್ದರು. ಟೊಪ್ಪಿಯ ಸುತ್ತ ರಬ್ಬರು. ತುಂಬಿಸಿದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದನ್ನು ಮಾಡಿದವನಿಗೆ ತಲೆಯ ಬಗ್ಗೆ ಏನು ಗೊತ್ತಿತ್ತೋ, ಬಂಗುಡೆಯ ಅಳತೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಹಾಲಿಗೆ ಹೋಗಿ ಒಂದು ಟೊಪ್ಪಿಯಲ್ಲಿ ಅನ್ನ, ಇನ್ನೊಂದರಲ್ಲಿ ಮೀನು ತುಂಬಿಸಿದೆ. ಬುಟ್ಟಿ ಹೊತ್ತು ಅಭ್ಯಾಸವಾದ ಸೊಂಟ, ಸೆರಗಿನ ಅಡಿಯಲ್ಲಿ ಏನಿದ್ದರೂ ನಡಿಗೆಯಲ್ಲಿ ಗೊತ್ತಾಗುವುದಿಲ್ಲ. ವಾಸನೆ ಗೊತ್ತಾಗುತ್ತದೆ. ಲಿಫ್ಟಿನಲ್ಲಿ ನನ್ನ ಜೊತೆ ನಿಂತ ಇಬ್ಬರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡರು, ನಾನು ಸೀಲಿಂಗು ನೋಡಿದೆ. ಕೋಣೆಯಲ್ಲಿ ಎರಡು ಮಂಚಗಳ ನಡುವಿನ ಜಾಗವನ್ನು ಒರೆಸಿ, ಎಲೆ ಹಾಸಿ, ಬಡಿಸಿದೆ. ಬಿಳಿ ಅಕ್ಕಿಯ ಬೆಳ್ತಿಗೆ ಅನ್ನ, ನನ್ನ ಗಂಡ ಅದನ್ನು ಜ್ವರದವರ ಅನ್ನ ಎನ್ನುತ್ತಿದ್ದರು, ಇವತ್ತೊಂದು ದಿನ ಸಹಿಸಿಕೊಳ್ಳಲಿ. ಅವರು ಇಲ್ಲಿಯವರೆಗೆ ಬಂದಾರೋ ಇಲ್ಲವೋ ಎಂಬ ಸಂಶಯವೂ ಇತ್ತು. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿಯೇ ದಾರಿ ತಪ್ಪಿದ ಮನುಷ್ಯ. ಅವರದು ಕೈರಂಪಣಿ, ಬಲೆಯನ್ನು ದಡದಲ್ಲಿ ನಿಂತು ಎಳೆಯುವ ಕೆಲಸ. ದಡ ಕಾಣದಷ್ಟು ದೂರ ಹೋದವರೇ ಅಲ್ಲ. ಆದರೆ ಆ ಬೆಳಿಗ್ಗೆ ಟೀಚರು ಟಿವಿಯಲ್ಲಿ ನಕಾಶೆ ನೋಡಿ, ಮಧ್ಯಾಹ್ನದ ಹೊತ್ತಿಗೆ ಹಡಗು ನಮ್ಮ ಊರಿನ ನೇರಕ್ಕೆ ಬರುತ್ತದೆ ಎಂದಿದ್ದರು. ಮನೆಯಿಂದ ಹೊರಟು ಮೂಗಿನ ನೇರಕ್ಕೆ ಪಡುವಣಕ್ಕೆ ನಡೆದರೆ ಆಯಿತು, ಎಲ್ಲಿಯೂ ತಿರುಗಲಿಕ್ಕಿಲ್ಲ. ಗೋಡೆಯಲ್ಲಿ ಒಂದು ಸೀಳು ಉಂಟು, ಅದಕ್ಕೆ ಕೋಣೆಯ ಕಾರ್ಡು ಸಿಕ್ಕಿಸಿದರೆ ಮಾತ್ರ ದೀಪ ಉರಿಯುವುದು. ಕತ್ತಲೆಯಲ್ಲಿ ಅವರ ಗಂಟಲಿಗೆ ಮುಳ್ಳು ಸಿಕ್ಕಬಾರದು ಎಂದು ಕಾರ್ಡನ್ನು ಅಲ್ಲಿಯೇ ಬಿಟ್ಟು ಬಾಗಿಲು ಎಳೆದುಕೊಂಡೆ. ಎಳೆದ ಮೇಲೆ ನೆನಪಾಯಿತು, ಆ ಕಾರ್ಡೇ ಬೀಗದ ಕೈ ಎಂದು. ಇನ್ನೊಂದು ಕಾರ್ಡು ಟೀಚರ ಕೈಚೀಲದಲ್ಲಿ, ಟೀಚರು ಊಟದ ಹಾಲಿನಲ್ಲಿ.

ಬರಲಿ ಆಮೇಲೆ ಎಂದು ನಾನು ಬಾಗಿಲ ಎದುರಿನ ಓಣಿಯಲ್ಲಿ, ನೆಲದ ಮೇಲೆ ಕೂತೆ. ಅಲ್ಲಿ ನೆಲಕ್ಕೆಲ್ಲ ಮೆತ್ತನೆಯ ಜಮಖಾನ. ಐದು ನಿಮಿಷ ಆಗಿರಲಿಲ್ಲ, ಕಪ್ಪು ಕೋಟಿನ ಒಬ್ಬ ಹೆಂಗಸು, ಹಡಗಿನ ಕೆಲಸದವಳು, ಓಡಿ ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಬಿದ್ದಿದ್ದೇನೆ ಎಂದುಕೊಂಡಳೋ ಏನೋ, ನನ್ನ ನಾಡಿ ಹಿಡಿದಳು. "ಮಾಜೀ, ಕ್ಯಾ ಹುವಾ?" ಎಂದಳು. ನನಗೆ ಬರುವ ಹಿಂದಿ ಐಸು ತರುವ ಲಾರಿಯವರ ಹತ್ತಿರ ಕಲಿತದ್ದು. ಅದರಲ್ಲಿ ಅರ್ಧ ಬೈಗುಳ. ಉಳಿದ ಅರ್ಧದಲ್ಲಿ ಸತ್ಯವನ್ನೇ ಹೇಳಿದೆ, ನನ್ನ ಗಂಡ ಒಳಗೆ ಉಣ್ಣುತ್ತಿದ್ದಾರೆ ಎಂದು. "ಮೇರಾ ಆದ್ಮಿ ಅಂದರ್ ಖಾನಾ ಖಾತಾ ಹೈ." ಅವಳು ನಕ್ಕು ಬಾಗಿಲು ತಟ್ಟಲು ಕೈ ಎತ್ತಿದಳು. ನಾನು ಅವಳ ಕೈ ಹಿಡಿದು ಎಳೆದೆ. "ನಹೀ! ಅಭೀ ನಹೀ!" ಅವಳು ನಗು ನಿಲ್ಲಿಸಿದಳು. ಕೈಯಲ್ಲಿದ್ದ ಫೋನಿನಲ್ಲಿ ಏನೋ ಒತ್ತಿ ನೋಡಿದಳು, ಬಾಗಿಲ ಮೇಲಿನ ನಂಬರು ನೋಡಿದಳು, ನನ್ನನ್ನು ನೋಡಿದಳು. ಆ ಕೋಣೆಯಲ್ಲಿ ಇಬ್ಬರು ಹೆಂಗಸರು ಎಂದು ಅವಳ ಪಟ್ಟಿ ಹೇಳುತ್ತಿತ್ತು. ಗಂಡಸು ಎಲ್ಲಿಂದ ಬಂದ?

ನನ್ನನ್ನು ಮೆಲ್ಲನೆ ಎಬ್ಬಿಸಿ, ಕೈಹಿಡಿದು, ಕೆಳಗಿನ ಮಾಳಿಗೆಯ ದೊಡ್ಡ ಮೇಜಿನ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಕೋಟು ಹಾಕಿದವರು ಇನ್ನೂ ಮೂವರು ಸೇರಿದರು. ಸುಧೀರನಿಗೆ ಫೋನು ಹೋಯಿತು. ಊಟದ ಮಧ್ಯದಲ್ಲಿ ಎದ್ದು ಬಂದ, ಕೊರಳಿನಲ್ಲಿ ಇನ್ನೂ ಬಟ್ಟೆಯ ತುಂಡು ಸಿಕ್ಕಿಸಿಕೊಂಡಿದ್ದ.

"ಮಾಮಿ, ಕೋಣೆಯೊಳಗೆ ಯಾರೋ ಗಂಡಸು ಇದ್ದಾನೆ ಅಂತ ಹೇಳ್ತಿದ್ದಾರಲ್ಲ ಇವರು!"

"ಯಾರೋ ಅಲ್ಲ ಮಾರಾಯ, ನಿನ್ನ ಮಾವ. ಇವತ್ತು ಅವರ ದಿನ ಅಲ್ವಾ? ಬಡಿಸಿ ಬಂದಿದ್ದೇನೆ."

ಅವನು ತಲೆಗೆ ಕೈ ಹಚ್ಚಿದ. ಒಳ್ಳೆಯ ಹುಡುಗ, ಆದರೆ ಗಡಿಬಿಡಿಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತಾಗುವುದಿಲ್ಲ. ಕೋಟಿನವರಿಗೆ ಇಂಗ್ಲಿಷಿನಲ್ಲಿ, ಕೋಣೆಯಲ್ಲಿ ಇರುವುದು ಇವರ ಗಂಡ, ಗಾಬರಿ ಬೇಡ, ಅವರು ಸತ್ತಿದ್ದಾರೆ, ಎಂದು ಹೇಳಿದನಂತೆ. ಆಮೇಲೆ ಆದದ್ದು ನಾನು ಕಣ್ಣಾರೆ ನೋಡಿದೆ. ಒಬ್ಬ ವಯರ್ಲೆಸ್ಸು ತೆಗೆದ. ಇನ್ನೊಬ್ಬ ಡಾಕ್ಟರನ್ನು ಕರೆಯಲು ಓಡಿದ. ಸುಧೀರ ಎರಡೂ ಕೈ ಎತ್ತಿ, ಆರು ವರ್ಷದ ಹಿಂದೆ ಸತ್ತದ್ದು, ಊರಿನಲ್ಲಿ ಸತ್ತದ್ದು ಎಂದು ವಿವರಿಸುವ ಹೊತ್ತಿಗೆ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕೋಣೆ ತೆರೆದು ನೋಡಲೇಬೇಕು ಎಂದರು.

"ಅವರು ಉಂಡು ಆಗಲಿಲ್ಲ ಸುಧೀರ. ಮಧ್ಯದಲ್ಲಿ ಬಾಗಿಲು ತೆಗೆದರೆ ಎದ್ದು ಹೋಗ್ತಾರೆ, ಅರ್ಧ ಹೊಟ್ಟೆಯಲ್ಲಿ."

"ಮಾಮಿ, ನಿಮ್ಮ ದಮ್ಮಯ್ಯ. ಮ್ಯಾನೇಜರ್ ಅಲ್ಲಿಂದ ನೋಡ್ತಿದ್ದಾರೆ" ಎಂದು ಅವನು ಹಲ್ಲು ಕಚ್ಚಿಕೊಂಡು ನಕ್ಕ.

ನಾವು ಮೆರವಣಿಗೆಯಲ್ಲಿ ಮೇಲೆ ಹೋದೆವು. ಬಾಗಿಲಿಗೆ ತಟ್ಟುವ ಕೆಲಸವನ್ನು ಮಾತ್ರ ನಾನು ಬೇರೆ ಯಾರಿಗೂ ಬಿಡಲಿಲ್ಲ. ಮೂರು ಸಲ ತಟ್ಟಿ, ಕೆಮ್ಮಿದೆ. ನನ್ನ ಹಿಂದೆ ಕಪ್ಪು ಕೋಟಿನವಳು, ಏನೋ ಶಾಸ್ತ್ರ ಎಂದು ತಿಳಿದು, ತಾನೂ ಕೆಮ್ಮಿದಳು. ಆಮೇಲೆ ತನ್ನ ಹತ್ತಿರದ ಕಾರ್ಡು ತಾಗಿಸಿ ಬಾಗಿಲು ತೆರೆದಳು.

ಎಲೆ ಖಾಲಿ.

ಅನ್ನ ಇಲ್ಲ, ಜಿಲೇಬಿ ಇಲ್ಲ, ಬಾಳೆಹಣ್ಣಿನ ಸಿಪ್ಪೆ, ಮೀನಿನ ಮುಳ್ಳು ಮಾತ್ರ. ಲೋಟದಲ್ಲಿ ನೀರು ಅರ್ಧ. ಐದು ವರ್ಷ ಬಡಿಸಿದ್ದೇನೆ, ಒಂದು ಅಗುಳು ಅತ್ತಿತ್ತ ಆದದ್ದಿಲ್ಲ. ಮನೆಯಲ್ಲಿ ನಾನು ಕೈಯಾರೆ ಅರೆದು ಮಾಡಿದ್ದನ್ನು ಮುಟ್ಟದವರು ಇಲ್ಲಿ ಬಂದು, ನಾಲ್ಕು ದಿನದ ಹಳೆಯ ಮೀನನ್ನು ಗುಡಿಸಿ ತಿಂದರೇ? ಮೊದಲು ಹೆದರಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಆಮೇಲೆ ಬಗ್ಗಿ ಮುಳ್ಳು ನೋಡಿದೆ. ಯಾರು ಮೀನು ತಿಂದದ್ದು ಎಂದು ನಾನು ಮುಳ್ಳು ನೋಡಿ ಹೇಳುತ್ತೇನೆ. ನನ್ನ ಗಂಡ ಬಂಗುಡೆಯ ತಲೆಯನ್ನು ಅಗಿದು ಹಿಂಡಿ ಬಿಡುವವರು. ಅವರ ಬಟ್ಟಲಿನಲ್ಲಿ ಉಳಿಯುವುದು ಬೂದಿಯ ಹಾಗಿನ ಒಂದು ಮುದ್ದೆ. ಇಲ್ಲಿ ಎಲೆಯ ಎಡ ಅಂಚಿನಲ್ಲಿ ಎರಡು ತಲೆ ಸಾಲಾಗಿ, ಅದರ ಕೆಳಗೆ ಎರಡು ನಡುಮುಳ್ಳು ಬಾಚಣಿಗೆಯ ಹಾಗೆ ಸ್ವಚ್ಛವಾಗಿ, ಒಂದರ ಪಕ್ಕ ಒಂದು, ಗೆರೆ ಎಳೆದ ಹಾಗೆ. ಸಾಲು ತಪ್ಪದೆ ಮುಳ್ಳು ಇಡುವವರನ್ನು ನಾನು ಒಬ್ಬರನ್ನೇ ಬಲ್ಲೆ.

ಅಷ್ಟರಲ್ಲಿ ಬಚ್ಚಲಿನೊಳಗೆ ನೀರಿನ ಸದ್ದಾಯಿತು. ಕೋಟಿನವರೆಲ್ಲ ಒಟ್ಟಿಗೆ ಹಿಂದೆ ಸರಿದರು. ಬಾಗಿಲು ತೆರೆದು ಲೀಲಾ ಟೀಚರು, ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಆರು ಜನರ ಎದುರು ಬಂದು ನಿಂತರು. "ಎಂತ ಇದು, ಯಾರಿವರೆಲ್ಲ?" ಎಂದರು, ಹೆಡ್‌ಮಾಸ್ಟರ ದನಿಯಲ್ಲಿ. ಅವರ ಗಲ್ಲದ ಮೇಲೆ ಕೆಂಪು ಮಸಾಲೆ ಇತ್ತು.

ಸುಧೀರ ಕೋಟಿನವರಿಗೆ ಕ್ಷಮೆ ಕೇಳಿ, ಅವರನ್ನು ಹೊರಗೆ ಕರೆದುಕೊಂಡು ಹೋದ. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಎಲೆ ನೋಡುತ್ತಾ ನಿಂತೆ. ಟೀಚರೇ ಶುರು ಮಾಡಿದರು. "ಜಲಜಕ್ಕ, ನೀವು ನನಗೋಸ್ಕರ ಇಟ್ಟದ್ದಲ್ವಾ? ನಾನು ನಿನ್ನೆಯಿಂದ ಎಂತದೂ ತಿನ್ನಲಿಲ್ಲ ಅಂತ ನೀವೊಬ್ಬರಾದರೂ ನೋಡಿದಿರಲ್ಲ ಅಂತ ನನಗೆ ಕಣ್ಣಲ್ಲಿ ನೀರು ಬಂತು." ಆಮೇಲೆ ಒಂದೊಂದಾಗಿ ಹೊರಗೆ ಬಂತು. ಅವರಿಗೆ ಚಮಚ, ಚೂರಿಯಲ್ಲಿ ತಿನ್ನಲು ಬರುವುದೇ ಇಲ್ಲ. ಮಕ್ಕಳಿಗೆ ಪಾಠ ಮಾಡಿದ್ದಾರೆ, ತಾವು ಮಾಡಿದವರಲ್ಲ. ಮ್ಯಾನೇಜರ ಹೆಂಡತಿಯ ಎದುರು ಕೈ ಹಾಕಲು ಮರ್ಯಾದೆ ಬಿಡಲಿಲ್ಲ. ಚಮಚದಲ್ಲಿ ಎತ್ತಿದ ಅನ್ನ ಬಾಯಿಗೆ ಬರುವ ಮೊದಲು ಮಡಿಲಿಗೆ ಬೀಳುತ್ತಿತ್ತು. ಚುಚ್ಚಿದರೆ ಜಾರದೆ ಸಿಕ್ಕುತ್ತಿದ್ದದ್ದು ಕಲ್ಲಂಗಡಿ ಒಂದೇ. ಇವತ್ತೂ ಮಧ್ಯಾಹ್ನ ಮೇಜಿನಿಂದ ಹಸಿದೇ ಎದ್ದು ಬಂದರು. ಕೋಣೆ ತೆರೆದರೆ ದೀಪ ಉರಿಯುತ್ತಿದೆ, ನೆಲದಲ್ಲಿ ಬಾಳೆಎಲೆ, ಬಂಗುಡೆ, ಪಕ್ಕದಲ್ಲಿ ನೀರು. ಯಾರೂ ನೋಡುವವರಿಲ್ಲ. ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಅದು ನಿಮಗೆ ಇಟ್ಟದ್ದಲ್ಲ ಟೀಚರೇ. ನಮ್ಮವರಿಗೆ. ಇವತ್ತು ಅವರ ದಿನ."

ಟೀಚರು ಮಂಚದ ಮೇಲೆ ಧೊಪ್ಪೆಂದು ಕೂತರು. ಬಣ್ಣ ಇಳಿದುಹೋಯಿತು. "ಅಯ್ಯೋ ದೇವರೇ, ಸತ್ತವರ ಪಾಲನ್ನು ತಿಂದೆನಾ! ಎಂತ ಆಗ್ತದೋ ಏನೋ ಇನ್ನು ನನಗೆ!"

"ಎಂತದೂ ಆಗುವುದಿಲ್ಲ. ಜೀವ ಇದ್ದಾಗಲೇ ಅವರು ಯಾರಿಗೂ ಎಂತದೂ ಮಾಡಿದವರಲ್ಲ. ನನಗಿರುವುದು ಒಂದೇ ಚಿಂತೆ, ಅವರು ಇಷ್ಟು ದೂರ ಬಂದು ನೀವು ಉಣ್ಣುವುದನ್ನು ನೋಡಿಕೊಂಡು ಹೊರಗೆ ನಿಂತಿದ್ದಾರೆ."

ಟೀಚರು ಗಡಿಯಾರ ನೋಡಿದರು. ಎರಡು ಗಂಟೆ ಹತ್ತು ನಿಮಿಷ. ಎರಡೂವರೆಗೆ ಊಟದ ಹಾಲು ಮುಚ್ಚುತ್ತದೆ. ಅವರು ಎದ್ದು, ತಮ್ಮ ಕಂದು ಬಣ್ಣದ ಕೈಚೀಲದಿಂದ ಕನ್ನಡಕ, ಮಾತ್ರೆ, ಕೈವಸ್ತ್ರ ಎಲ್ಲವನ್ನೂ ಮಂಚದ ಮೇಲೆ ಸುರಿದು ಚೀಲ ಖಾಲಿ ಮಾಡಿದರು. "ನಡೆಯಿರಿ" ಎಂದರು. "ನಿಯಮ ಉಂಟಲ್ಲ?" ಎಂದೆ. "ನಿಯಮ ಆಮೇಲೆ ನೋಡುವ."

ಮೂವತ್ತಾರು ವರ್ಷ ಪಾಠ ಮಾಡಿದ ಹೆಂಗಸು ಬಂಗುಡೆ ಕದಿಯುವುದನ್ನು ನಾನು ಕಣ್ಣು ತುಂಬ ನೋಡಿದೆ. ಒಂದು ಚೂರೂ ಬರುವುದಿಲ್ಲ ಅವರಿಗೆ. ಕದಿಯುವವರು ಮುಖವನ್ನು ಬೇರೆ ಕಡೆ ತಿರುಗಿಸಬೇಕು, ಇವರು ಮೀನಿನ ಕಣ್ಣಿಗೆ ಕಣ್ಣಿಟ್ಟು ನಿಂತರು. ಬಟ್ಟಲಿನಲ್ಲಿ ಕೊನೆಯ ಮೂರು ಬಂಗುಡೆ ಉಳಿದಿತ್ತು. ನಾನು ಅಡ್ಡ ನಿಂತೆ, ಅವರು ಎರಡನ್ನು ಚೀಲಕ್ಕೆ ಹಾಕಿದರು, ಬಾಯಲ್ಲಿ ಏನೋ ಶ್ಲೋಕ. ಅನ್ನದ ಹತ್ತಿರ ಬರುವಾಗ ಹಿಂದಿನಿಂದ ಯಾರೋ "ಮಾಜೀ" ಎಂದರು. ಅದೇ ಕಪ್ಪು ಕೋಟಿನವಳು. ಟೀಚರ ಕೈಚೀಲದ ಮೂಲೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವಳು ಎಣ್ಣೆ ನೋಡಿದಳು, ಚೀಲ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು. ಒಳಗೆ ಹೋಗಿ, ಒಂದು ದೊಡ್ಡ ತಟ್ಟೆ, ಅದರ ಮೇಲೊಂದು ಹೊಳೆಯುವ ಮುಚ್ಚಳ ತಂದು ಮುಂದೆ ಇಟ್ಟಳು. ಏನು ಬೇಕಾದರೂ ಹಾಕಿಕೊಂಡು ಹೋಗಿ, ಎಲ್ಲರೂ ಕೋಣೆಗೆ ಒಯ್ಯುತ್ತಾರೆ, ಭಾರವಾದರೆ ನಾನೇ ತರುತ್ತೇನೆ ಎಂದಳು. ನಾನು ಟೀಚರ ಕಡೆ ತಿರುಗಿದೆ.

"ನಿಯಮ ಎಲ್ಲಿ ಬರೆದದ್ದು ಟೀಚರೇ?"

"ಬರೆದಿರಲಿಲ್ಲ" ಎಂದರು ಟೀಚರು, ಸ್ವಲ್ಪವೂ ಅಳುಕಿಲ್ಲದ ದನಿಯಲ್ಲಿ. "ಇರಬೇಕು ಅಂತ ನನಗೆ ಕಂಡಿತು."

ಈ ಸಲ ಮುಚ್ಚಳ ಹಾಕಿದ ತಟ್ಟೆಯಲ್ಲಿ, ಲಿಫ್ಟಿನಲ್ಲಿ ತಲೆ ಎತ್ತಿಕೊಂಡು ಹೋದೆವು. ಹಳೆಯ ಎಲೆ ಮಡಚಿ ತೆಗೆದು, ನೆಲ ಒರೆಸಿ, ಎರಡನೆಯ ಎಲೆ ಹಾಸಿದೆ. ಬಡಿಸುವುದನ್ನು ಟೀಚರು ಮೇಲ್ವಿಚಾರಣೆ ಮಾಡಿದರು. ಉಪ್ಪಿನಕಾಯಿ ಎಡಕ್ಕೆ, ಮೀನಿನ ತಲೆ ಆ ಕಡೆಗೆ. ಬಾಗಿಲು ಮುಚ್ಚಿ ನಾವಿಬ್ಬರೂ ಓಣಿಯ ನೆಲದ ಮೇಲೆ, ಗೋಡೆಗೆ ಒರಗಿ ಕೂತೆವು. ಕೂರುವಾಗ ಟೀಚರ ಮೊಣಕಾಲು ಒಣ ಕಡ್ಡಿ ಮುರಿದ ಹಾಗೆ ಸದ್ದು ಮಾಡಿತು. ಕಾರ್ಡು ಈ ಸಲ ಅವರ ಕೈಯಲ್ಲಿತ್ತು. ದಾಟಿ ಹೋಗುವವರೆಲ್ಲ ನಮ್ಮನ್ನು ನೋಡಿ ಕಾಲು ಎತ್ತಿ ಎತ್ತಿ ಇಟ್ಟು ಹೋದರು. ಸ್ವಲ್ಪ ಹೊತ್ತು ಕಳೆದು ಟೀಚರು ಪಿಸುಮಾತಿನಲ್ಲಿ ಕೇಳಿದರು.

"ಜಲಜಕ್ಕ, ಅವರಿಗೆ ಉಣ್ಣಲಿಕ್ಕೆ ಎಷ್ಟು ಹೊತ್ತು ಬೇಕು?"

ಮನೆಯಲ್ಲಿ ಬಾಗಿಲು ತಟ್ಟುವುದು ನನ್ನ ಮೈದುನ. ಹೊತ್ತು ನೋಡುವುದೂ ಅವನೇ. ನಾನು ಯೋಚಿಸಿದವಳೇ ಅಲ್ಲ. ಅವರು ಬಲೆ ಎಳೆದು ಮನೆಗೆ ಬರುವ ಹೊತ್ತಿಗೆ ನಾನು ಕಾರ್ಕಳದ ಮಾರ್ಕೆಟ್ಟಿನಲ್ಲಿ ಇರುತ್ತಿದ್ದೆ. ಬೆಳಗಿನ ಜಾವ ಮಾಡಿ ಮುಚ್ಚಿಟ್ಟು ಹೋದದ್ದನ್ನು ಮಧ್ಯಾಹ್ನ ಅವರೇ ಹಾಕಿಕೊಂಡು ತಣ್ಣಗೇ ಉಣ್ಣುತ್ತಿದ್ದರು. ಸಂಜೆ ಬಂದು ಬಟ್ಟಲು ತೊಳೆಯುವಾಗ ಅವರು ಬಿಟ್ಟ ಮುಳ್ಳು ನೋಡಿದ್ದೇನೆ. ರಾತ್ರಿ ನಾನು ಬಡಿಸಿ ಹಾಕುವಾಗ ನನಗೆ ನಿದ್ದೆ ತೂಗುತ್ತಿತ್ತು. ಬೇಗ ಬೇಗ ಉಣ್ಣುತ್ತಿದ್ದರೋ, ಒಂದೊಂದೇ ತುತ್ತು ಅಗಿದು ನಿಧಾನಕ್ಕೆ ಉಣ್ಣುತ್ತಿದ್ದರೋ, ನೀರು ಮಧ್ಯದಲ್ಲಿ ಕುಡಿಯುತ್ತಿದ್ದರೋ ಕೊನೆಗೋ, ಒಂದೂ ಗೊತ್ತಿಲ್ಲ ನನಗೆ. ಊರಿನ ಅರ್ಧ ಮನೆಗಳಲ್ಲಿ ಯಾರು ಯಾವ ಮೀನನ್ನು ಎಷ್ಟು ತಿನ್ನುತ್ತಾರೆ ಎಂದು ಕೇಳಿದರೆ ಈಗಲೂ ಹೇಳುತ್ತೇನೆ.

"ಅರ್ಧ ಗಂಟೆ" ಎಂದೆ, ಬಹಳ ತಿಳಿದವಳ ಹಾಗೆ.

ಟೀಚರು ಅರ್ಧ ಗಂಟೆಯನ್ನು ನಿಮಿಷ ತಪ್ಪದೆ ಕಾದರು. ನಾನು ಮೂರು ಸಲ ತಟ್ಟಿ, ಕೆಮ್ಮಿ, ಬಾಗಿಲು ತೆರೆದೆ. ಎಲೆಯಲ್ಲಿ ಎಲ್ಲವೂ ಇಟ್ಟಲ್ಲಿಯೇ ಇತ್ತು. ಆಗ ನನ್ನ ಎದೆ ಸ್ಥಿಮಿತಕ್ಕೆ ಬಂತು. ಇಬ್ಬರೂ ಎದುರು ಬದುರು ನೆಲದಲ್ಲಿ ಕೂತೆವು. ಟೀಚರು ಅನ್ನಕ್ಕೆ ಬೆರಳು ಹಾಕಿದವರು ಮುಖ ಸಣ್ಣದು ಮಾಡಿದರು.

"ಛೆ, ಪೂರ್ತಿ ತಣ್ಣಗಾಗಿದೆ ಜಲಜಕ್ಕ. ಆ ಏಸಿ ಒಂದು. ವರ್ಷಕ್ಕೊಂದು ದಿನ ಉಣ್ಣಲಿಕ್ಕೆ ಬಂದವರಿಗೆ ಹೀಗೆ ಬಡಿಸಿದೆವಲ್ಲ, ಪಾಪ."

"ನೀವು ಬೇಸರ ಮಾಡಬೇಡಿ ಟೀಚರೇ" ಎಂದೆ, ಬಂಗುಡೆಯ ತಲೆ ಮುರಿಯುತ್ತಾ. "ಬಿಸಿ ಇದ್ದಿದ್ದರೆ ಅವರು, ಬೇರೆ ಯಾರದೋ ಮನೆಗೆ ಬಂದೆ ಅಂತ ಎದ್ದು ಹೋಗುತ್ತಿದ್ದರು."